ಪರದೇಶದಲ್ಲಿ ಓದುವವನಿಗೆ ದಿಕ್ಕು ಯಾರು?

2025ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಒಂದು ದಿನ ಹೊಂಗಡಹಳ್ಳದ ಕಡೆಯ ಕಾಫಿ ಬೆಳೆಗಾರರೊಬ್ಬರು ನಮ್ಮ ಕಚೇರಿಗೆ ದಯಮಾಡಿಸಿ, ಜೇಬಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಕಾಗದವೊಂದನ್ನು ತೆಗೆದು ನಮ್ಮ ಮೇಜಿನ ಮೇಲೆ ಬಿಡಿಸಿಟ್ಟರು. ಅಮೆರಿಕಾದ ವಿಶ್ವವಿದ್ಯಾನಿಲಯವೊಂದರಲ್ಲಿ ಓದುತ್ತಿದ್ದ ಅವರ ಮಗನಿಗೆ ಅಲ್ಲಿಯ ಪರದೇಶಿ ವಿದ್ಯಾರ್ಥಿಗಳ ಕಚೇರಿಯವರು ಬರೆದಿದ್ದ ಪತ್ರದ ನಕಲು ಅದು. ನಿನ್ನ ದಾಖಲೆಯು ಸರ್ಕಾರದ ಪಟ್ಟಿಯಲ್ಲಿ ರದ್ದಾಗಿರುವುದು ಈ ದಿನ ಬೆಳಗ್ಗೆ ನಮ್ಮ ಕಣ್ಣಿಗೆ ಬಿದ್ದಿದೆ, ರದ್ದು ಮಾಡಿದವರು ನಾವಲ್ಲ, ಕಾರಣವೂ ನಮಗೆ ತಿಳಿಯದು, ಕೂಡಲೇ ಬಂದು ನಮ್ಮನ್ನು ಕಾಣು, ವಲಸೆಯ ಕಾನೂನು ಬಲ್ಲ ವಕೀಲರನ್ನು ಹಿಡಿ ಎಂಬುದು ಅದರ ತಾತ್ಪರ್ಯ. "ನನ್ನ ಹುಡುಗ ಏನು ತಪ್ಪು ಮಾಡಿದ ಸ್ವಾಮಿ? ಇದರಲ್ಲಿ ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆದಿದ್ದಾರಲ್ಲ!" ಎಂದು ಅವರು ಕೇಳಿದರು.

ನಮ್ಮಲ್ಲಿಗೆ ಬರುವ ಮುನ್ನ ಅವರು ಎರಡು ಬಾಗಿಲುಗಳನ್ನು ತಟ್ಟಿದ್ದರು. ಮೊದಲನೆಯದು ಸಾಲ ಕೊಟ್ಟಿದ್ದ ಬ್ಯಾಂಕು. ಅಲ್ಲಿಯ ಮ್ಯಾನೇಜರರು ಮರುಕದಿಂದಲೇ ಮಾತನಾಡಿದರಾದರೂ ಕಂತಿನ ವಿಚಾರವನ್ನಲ್ಲದೆ ಬೇರೇನನ್ನೂ ಹೇಳಲು ಅವರಿಗೆ ತಿಳಿಯದು. ಎರಡನೆಯದು ಹುಡುಗನನ್ನು ಕಳುಹಿಸಿಕೊಟ್ಟ ಬೆಂಗಳೂರಿನ ಏಜೆಂಟರ ಕಚೇರಿ. ವಿಮಾನ ಹತ್ತಿಸಿದ ದಿನವೇ ನಮ್ಮ ಕೆಲಸ ಮುಗಿಯಿತೆಂಬ ಉತ್ತರ ಅಲ್ಲಿಂದ ಬಂದಿತ್ತು. ಮೂರನೆಯ ಬಾಗಿಲು ಯಾವುದೆಂಬುದು ಅವರಿಗೆ ತೋಚಲಿಲ್ಲ. ಇಂಗ್ಲಿಷ್ ಓದಬಲ್ಲ ಪತ್ರಿಕೆಯವರೆಂದು ನಮ್ಮಲ್ಲಿಗೆ ಬಂದರು. ಮೆಟ್ರಿಕ್ಯುಲೇಷನ್ನಿನ ಆಚೆಗೆ ಹೋಗದ ನಾವು ಕಾಗದವನ್ನು ಓದಿ ಹೇಳಿದೆವು. ಅದರಿಂದಾಚೆಗೆ ದಾರಿ ತೋರಿಸುವ ಶಕ್ತಿ ನಮಗೂ ಇರಲಿಲ್ಲ.

ಆ ತಿಂಗಳು ಅಮೆರಿಕಾದಲ್ಲಿ ನಡೆದುದನ್ನು ವಾಚಕರು ತಂತಿ ವರ್ತಮಾನಗಳಲ್ಲಿ ಓದಿಯೇ ಇರುವರು. 2001ನೆಯ ಇಸವಿಯ ಸೆಪ್ಟೆಂಬರ್ 11ರ ಉತ್ಪಾತದ ತರುವಾಯ, 2003ರಿಂದ ಆ ದೇಶದವರು ಪ್ರತಿಯೊಬ್ಬ ಪರದೇಶಿ ವಿದ್ಯಾರ್ಥಿಯ ವಿವರವನ್ನೂ 'ಸೆವಿಸ್' ಎಂಬ ಒಂದೇ ಸರ್ಕಾರೀ ದಾಖಲೆಯಲ್ಲಿ ಇಡುತ್ತ ಬಂದಿದ್ದಾರೆ. 2025ರ ವಸಂತದಲ್ಲಿ ಅಲ್ಲಿಯ ಅಧಿಕಾರಿಗಳು ಸುಮಾರು 13 ಲಕ್ಷ ಹೆಸರುಗಳನ್ನು ಪೋಲೀಸು ದಾಖಲೆಗಳೊಡನೆ ಹೋಲಿಸಿ, ಎಲ್ಲಿ ಹೆಸರು ತಾಳೆ ಬಿದ್ದಿತೋ ಅಲ್ಲಿ ಹೆಚ್ಚಿನ ವಿಚಾರಣೆಯಿಲ್ಲದೆ ನಾಲ್ಕು ಸಾವಿರಕ್ಕೂ ಮೀರಿ ವಿದ್ಯಾರ್ಥಿಗಳ ದಾಖಲೆಯನ್ನು ಕೊನೆಗೊಳಿಸಿದರು. ಗಾಡಿ ಓಡಿಸುವಾಗಿನ ಸಣ್ಣ ತಪ್ಪಿಗಾಗಿ ಹೆಸರು ಬರೆಯಿಸಿಕೊಂಡಿದ್ದವರೂ ಅದರಲ್ಲಿದ್ದರು. ನ್ಯಾಯಾಲಯವು ಮೊಕದ್ದಮೆಯನ್ನು ವಜಾ ಮಾಡಿದ್ದವರೂ ಇದ್ದರು. ಅಲ್ಲಿಯ ವಲಸೆ ವಕೀಲರ ಸಂಘದವರು ಕಲೆಹಾಕಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ನಮ್ಮ ದೇಶದ ಮಕ್ಕಳವಾಗಿದ್ದವು. ನ್ಯಾಯಾಲಯಗಳಲ್ಲಿ ಒಂದರ ಮೇಲೊಂದು ತಡೆಯಾಜ್ಞೆ ಹೊರಟ ಮೇಲೆ ಏಪ್ರಿಲ್ 25ರಂದು, ಹೊಸ ನಿಯಮ ಸಿದ್ಧವಾಗುವವರೆಗೆ ದಾಖಲೆಗಳನ್ನು ಮರಳಿ ಊರ್ಜಿತಗೊಳಿಸುವುದಾಗಿ ಸರ್ಕಾರದ ವಕೀಲರು ಒಪ್ಪಿಕೊಂಡರು. ಅಷ್ಟರೊಳಗೆ ಹೆದರಿ ದೇಶ ಬಿಟ್ಟು ಬಂದವರು ಬಂದೇ ಬಿಟ್ಟಿದ್ದರು.

ಇದರಲ್ಲಿ ನಮ್ಮ ಗಮನವನ್ನು ಸೆಳೆದ ಸಂಗತಿ ಬೇರೆ. ದಾಖಲೆ ರದ್ದಾದುದನ್ನು ಸರ್ಕಾರದವರು ಅನೇಕ ಸಂದರ್ಭಗಳಲ್ಲಿ ವಿದ್ಯಾರ್ಥಿಗೂ ತಿಳಿಸಲಿಲ್ಲ, ವಿಶ್ವವಿದ್ಯಾನಿಲಯಕ್ಕೂ ತಿಳಿಸಲಿಲ್ಲ. ಹಾಗಾದರೆ ತಿಳಿದದ್ದು ಹೇಗೆ? ಪರದೇಶಿ ವಿದ್ಯಾರ್ಥಿಗಳ ಸಲಹೆಗಾರರೆಂದು ನೇಮಕವಾದ ಸಾಮಾನ್ಯ ಸಂಬಳದ ನೌಕರರು ಬೆಳಗ್ಗೆ ಕಚೇರಿಗೆ ಬಂದೊಡನೆ ಪಟ್ಟಿಯನ್ನು ತೆರೆದು, ನಿನ್ನೆ ಇದ್ದ ಹೆಸರು ಇಂದು ಇದೆಯೇ ಎಂದು ಒಂದೊಂದಾಗಿ ನೋಡತೊಡಗಿದರು. ಕಾಣೆಯಾದ ಹೆಸರಿನ ಹುಡುಗನಿಗೆ ಒಡನೆಯೇ ಕಾಗದ ಬರೆದರು. ಹೊಂಗಡಹಳ್ಳದವರ ಜೇಬಿನಲ್ಲಿದ್ದುದು ಅಂತಹ ಒಂದು ಕಾಗದ. ನಮ್ಮ ಮಿತ್ರರು ಅದನ್ನು ಕೇಡಿನ ಓಲೆಯೆಂದು ಭಾವಿಸಿದ್ದರು. ಆ ಓಲೆ ಬರದೆ ಹೋಗಿದ್ದರೆ ಹುಡುಗನು ಏನೂ ಅರಿಯದೆ ದಿನಗಳನ್ನು ಕಳೆದು, ಒಂದು ದಿನ ಬಾಗಿಲಿಗೆ ಬಂದ ಅಧಿಕಾರಿಯಿಂದಲೇ ವಿಷಯವನ್ನು ತಿಳಿಯಬೇಕಾಗುತ್ತಿತ್ತು.

ಈ ಸಲಹೆಗಾರನ ಕಚೇರಿ ಎಂತಹುದೆಂಬುದನ್ನು ನಮ್ಮವರಲ್ಲಿ ಬಹಳ ಮಂದಿ ಬಲ್ಲವರಲ್ಲ. ಮಗನನ್ನು ಕಳುಹಿಸಿದವರೇ ಬಲ್ಲವರಲ್ಲ. ಅಮೆರಿಕಾದ ಕಾನೂನಿನ ಪ್ರಕಾರ ಪರದೇಶಿ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲಿಯೂ ಇದಕ್ಕೆಂದು ನಿಯುಕ್ತನಾದ ಅಧಿಕಾರಿ ಇರತಕ್ಕದ್ದು. ವೀಸಾಕ್ಕೆ ಆಧಾರವಾದ 'ಐ-20' ಎಂಬ ಪತ್ರವನ್ನು ಕೊಡುವವನು ಅವನೇ. ವಿದ್ಯಾರ್ಥಿಯು ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ತಿಳಿಸಬೇಕು. ಪಾಠದ ಅವಧಿಯಲ್ಲಿ ವಿದ್ಯಾಸಂಸ್ಥೆಯ ಆವರಣದೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಕೂಡದು. ಪೂರ್ಣ ಪಾಠಗಳನ್ನು ತೆಗೆದುಕೊಂಡಿರಬೇಕು. ಹೇಳಲು ಇವು ಸಣ್ಣ ವಿಷಯಗಳೇ. ಆದರೆ ಹುಡುಗನೊಬ್ಬ ಕಾಯಿಲೆ ಬಿದ್ದನೆನ್ನೋಣ. ಈ ತಿಂಗಳು ಕೈಲಾಗದು, ಮುಂದಿನ ಬಾರಿ ಓದಿಕೊಳ್ಳುತ್ತೇನೆಂದು ಒಂದು ಪಾಠವನ್ನು ತಾನೇ ಬಿಟ್ಟುಬಿಟ್ಟರೆ ಅವನು ಅಂದಿನಿಂದಲೇ ಅಲ್ಲಿರುವ ಹಕ್ಕನ್ನು ಕಳೆದುಕೊಂಡಂತೆ. ಅದೇ ಹುಡುಗನು ಬಿಡುವುದಕ್ಕೆ ಮುಂಚೆ ಸಲಹೆಗಾರನನ್ನು ಕಂಡು ವೈದ್ಯರ ಪತ್ರ ತೋರಿಸಿದರೆ, ಒಂದು ಪದವಿಯ ವ್ಯಾಸಂಗದಲ್ಲಿ ಒಟ್ಟು ಹನ್ನೆರಡು ತಿಂಗಳವರೆಗೆ ಪಾಠವನ್ನು ಕಡಮೆ ಮಾಡಿಕೊಳ್ಳಲು ಕಾನೂನೇ ಅನುಮತಿ ಕೊಡುತ್ತದೆ. ಕಾಯಿಲೆ ಒಂದೇ, ಪಾಠ ಒಂದೇ. ಮೊದಲು ಕೇಳಿದವನು ಉಳಿಯುತ್ತಾನೆ, ಕೇಳದವನು ಊರಿಗೆ ಹಿಂದಿರುಗುತ್ತಾನೆ. ದೊಡ್ಡವರ ಬಾಗಿಲಿಗೆ ಕರೆಯದೆ ಹೋಗಬಾರದೆಂದು ಮಲೆನಾಡಿನ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಸಂಕೋಚವು ಇಂತಹ ವೇಳೆಯಲ್ಲಿ ಶತ್ರುವಿನಂತೆ ಕೆಲಸಮಾಡುವುದು.

ಆದರೆ ಈ ಸಲಹೆಗಾರನಿಗೆ ಇಬ್ಬರು ಯಜಮಾನರೆಂಬುದನ್ನೂ ಮರೆಯುವಂತಿಲ್ಲ. ವಿದ್ಯಾರ್ಥಿಯು ಪಾಠಕ್ಕೆ ಸೇರದೆ ಹೋದರೆ, ವಿಳಾಸ ಬದಲಾಯಿಸಿದರೆ, 21 ದಿನಗಳೊಳಗೆ ಸರ್ಕಾರಕ್ಕೆ ವರದಿ ಮಾಡತಕ್ಕವನೂ ಅವನೇ. ಕಷ್ಟ ಹೇಳಿಕೊಳ್ಳಬೇಕಾದುದು ಯಾರ ಮುಂದೆಯೋ ವರದಿ ಹೋಗುವುದೂ ಅವನ ಲೇಖನಿಯಿಂದಲೇ ಎಂದಮೇಲೆ, ಹುಡುಗನು ಬಾಯಿ ಬಿಡುವನೆ?

ಈ ಇಕ್ಕಟ್ಟು ಹೊಸದಲ್ಲ. ನಮ್ಮ ದೇಶದವರೇ ಮೊದಲು ಅದರ ರುಚಿ ಕಂಡವರೆನ್ನಬಹುದು. 1888ರಲ್ಲಿ ಮಹಾತ್ಮರು ಹತ್ತೊಂಬತ್ತರ ತರುಣರಾಗಿ ಬಿಳಿಯ ಫ್ಲಾನೆಲ್ ಉಡುಪಿನಲ್ಲಿ ಇಂಗ್ಲೆಂಡಿನಲ್ಲಿ ಇಳಿದಾಗ ಅವರಿಗೆ ದಿಕ್ಕಾದವರು ಡಾಕ್ಟರ್ ಪ್ರಾಣಜೀವನ ಮೆಹತಾ ಎಂಬ ಮಹನೀಯರು. ಮೆಹತಾರ ರೇಷ್ಮೆ ಟೋಪಿಯನ್ನು ಕುತೂಹಲದಿಂದ ಎತ್ತಿಕೊಂಡ ತರುಣನು ಅದರ ನವಿರನ್ನು ಎದುರು ದಿಕ್ಕಿಗೆ ಸವರಿ ಕೆಡಿಸಿದನಂತೆ! ಪರರ ವಸ್ತುವನ್ನು ಮುಟ್ಟಬೇಡ, ಮೊದಲ ಭೇಟಿಯಲ್ಲಿಯೇ ಪ್ರಶ್ನೆಗಳನ್ನು ಕೇಳಬೇಡ, ಗಟ್ಟಿಯಾಗಿ ಮಾತನಾಡಬೇಡ ಎಂದು ಮೆಹತಾ ಅಲ್ಲಿಯೇ ಬುದ್ಧಿ ಹೇಳಿದರು. ಹೋಟೆಲಿನ ವೆಚ್ಚ ಭರಿಸಲಾಗದು, ಒಂದು ಸಂಸಾರದೊಡನೆ ವಾಸಮಾಡು ಎಂದು ದಾರಿಯನ್ನೂ ತೋರಿಸಿದರು. ಈ ಉಪಕಾರದ ನೆನಪಿನಿಂದಲೋ ಏನೋ, ಕೆಲವು ವರ್ಷಗಳ ಮೇಲೆ ಗಾಂಧಿಯವರು ಲಂಡನ್ನಿಗೆ ಹೋಗುವ ತರುಣರಿಗಾಗಿ ಖರ್ಚುವೆಚ್ಚ, ಊಟ, ಉಡುಪು ಮುಂತಾದ ವಿವರಗಳುಳ್ಳ ಕೈಪಿಡಿಯೊಂದನ್ನು ತಾವೇ ಬರೆದರು. ಮೆಹತಾರು ಯಾರಿಗೂ ವರದಿ ಕಳುಹಿಸಬೇಕಾಗಿರಲಿಲ್ಲ. ಅವರ ಮಾತು ತರುಣನ ಮನಸ್ಸಿಗೆ ಹತ್ತಿದ್ದು ಅದರಿಂದಲೇ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ಲಂಡನ್ನಿನಲ್ಲಿ ದೊರೆಯುತ್ತದೆ. ಭಾರತೀಯ ವಿದ್ಯಾರ್ಥಿಗಳ ಸ್ಥಿತಿಯನ್ನು ವಿಚಾರಿಸಲು 1907ರಲ್ಲಿ ಲೀ-ವಾರ್ನರ್ ಸಮಿತಿಯನ್ನು ನೇಮಿಸಿದರು. 1909ರಲ್ಲಿ ಅವರಿಗೆ ಮಾಹಿತಿ ಒದಗಿಸುವ ಕಚೇರಿಯೊಂದನ್ನು ತೆರೆದು, ಟಿ. ಡಬ್ಲ್ಯು. ಆರ್ನಲ್ಡ್ ಎಂಬ ವಿದ್ವಾಂಸರನ್ನು ಸಲಹೆಗಾರರನ್ನಾಗಿ ಮಾಡಿದರು. ಆರ್ನಲ್ಡರು ಸಜ್ಜನರು, ಅಲೀಗಢದಲ್ಲಿಯೂ ಲಾಹೋರಿನಲ್ಲಿಯೂ ಪಾಠ ಹೇಳಿದವರು. ಆದರೆ ಶ್ಯಾಮಜಿ ಕೃಷ್ಣವರ್ಮರ 'ಇಂಡಿಯಾ ಹೌಸ್' 1905ರಿಂದ ನಡೆಯುತ್ತಿದ್ದ ಕಾಲ ಅದು. 1909ರ ಜುಲೈ 1ರಂದು ಮದನಲಾಲ ಧಿಂಗ್ರಾ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದದ್ದೂ ಆ ವರ್ಷವೇ. ಹೀಗಿರುವಲ್ಲಿ ವಸತಿಯ ವಿಳಾಸ ಹೇಳುವ ಕಚೇರಿಯು ತಮ್ಮ ವಿಳಾಸವನ್ನು ಇನ್ನಾರಿಗೋ ಹೇಳುತ್ತಿರಬಹುದೆಂದು ವಿದ್ಯಾರ್ಥಿಗಳು ಶಂಕಿಸಿದರೆ ಅದರಲ್ಲಿ ಆಶ್ಚರ್ಯವೇನು? 1921-22ರಲ್ಲಿ ಲಿಟನ್ ಸಮಿತಿಯವರು ಕುಳಿತಾಗಲೂ ಆ ಶಂಕೆ ಹಾಗೆಯೇ ಇತ್ತು. ಕಚೇರಿಯವರು ಒಳ್ಳೆಯವರೋ ಕೆಟ್ಟವರೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ನೆರವಿನ ಮೇಜೂ ಕಾವಲಿನ ಮೇಜೂ ಒಂದೇ ಆದಾಗ ಕುರ್ಚಿಯ ಮೇಲೆ ಸಂತರು ಕುಳಿತಿದ್ದರೂ ಹುಡುಗರು ಹತ್ತಿರ ಸುಳಿಯರು.

ಅಮೆರಿಕಾದಲ್ಲಿ ಈ ಕಾರ್ಯವು ಒಂದು ನಮಸ್ಕಾರದಿಂದ ಆರಂಭವಾಯಿತೆಂಬ ಕಥೆ ಪ್ರಸಿದ್ಧವಾಗಿದೆ. 1909ರಲ್ಲಿ ಹ್ಯಾರಿ ಎಡ್ಮಂಡ್ಸ್ ಎಂಬವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ ಚೀನೀ ವಿದ್ಯಾರ್ಥಿಯೊಬ್ಬನಿಗೆ ಸಹಜವಾಗಿ ಶುಭೋದಯ ಹೇಳಿದರು. ಹುಡುಗನು ನಿಂತು, ತಾನು ಬಂದು ಮೂರು ವಾರಗಳಾದುವೆಂದೂ ತನ್ನನ್ನು ಮಾತನಾಡಿಸಿದವರಲ್ಲಿ ತಾವೇ ಮೊದಲಿಗರೆಂದೂ ಹೇಳಿದನು. ಎಡ್ಮಂಡ್ಸ್ ದಂಪತಿಗಳು ಮನೆಯಲ್ಲಿ ಪರದೇಶಿ ಹುಡುಗರಿಗೆ ಭಾನುವಾರದ ಊಟ ಹಾಕುವುದರಿಂದ ಮೊದಲುಮಾಡಿದರು. ಅದು ರಾಕ್‌ಫೆಲ್ಲರರ ದ್ರವ್ಯಸಹಾಯದಿಂದ 1924ರಲ್ಲಿ ನೂರಾರು ವಿದ್ಯಾರ್ಥಿಗಳ 'ಇಂಟರ್‌ನ್ಯಾಷನಲ್ ಹೌಸ್' ಆಯಿತು. ನಮ್ಮ ಅಂಬೇಡ್ಕರರು ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನ ಪಡೆದು 1913ರಲ್ಲಿ ಸೇರಿದುದು ಇದೇ ಕೊಲಂಬಿಯಾವನ್ನು. 1948ರಲ್ಲಿ ಸಲಹೆಗಾರರೆಲ್ಲ ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಆಗ ಅದೊಂದು ಆತಿಥ್ಯದ ಕೆಲಸವಾಗಿತ್ತು. 2003ರಿಂದೀಚೆಗೆ ವರದಿಯ ಕೆಲಸ ಅದರ ಮೇಲೆ ಹೇರಿಕೆಯಾಗಿ ಕುಳಿತಿದೆ.

ಇನ್ನು ನಮ್ಮ ಕಡೆಯ ದಡಕ್ಕೆ ಬರೋಣ. 2024ರ ಲೆಕ್ಕದಂತೆ ಹೊರದೇಶಗಳಲ್ಲಿ ಓದುವ ಭಾರತೀಯ ವಿದ್ಯಾರ್ಥಿಗಳು 13 ಲಕ್ಷಕ್ಕೆ ಮೀರಿದ್ದರು. 2024-25ರಲ್ಲಿ ಅಮೆರಿಕಾ ಒಂದರಲ್ಲಿಯೇ 3,63,019 ಮಂದಿ. ಕಾಫಿಯ ಬೆಲೆ ಹಿಂದೆ ಕಾಣದಷ್ಟು ಏರಿದ ಆ ವರ್ಷ ನಮ್ಮ ಸಕಲೇಶಪುರ, ಆಲೂರುಗಳ ಬೆಟ್ಟದ ಹಳ್ಳಿಗಳಿಂದಲೂ ಮಕ್ಕಳು ಹೊರಟರು. ಬೆಲೆ ಏರಿದಾಗ ಹೊರಟ ಮಗನ ಕಂತು ಬೆಲೆ ಇಳಿದಾಗಲೂ ಕಟ್ಟಬೇಕಾದುದೇ. ಬ್ಯಾಂಕಿನ ಪೆಟ್ಟಿಗೆಯಲ್ಲಿರುವುದು ತೋಟದ ಪಹಣಿ. ಇದರ ನಡುವೆ ಆಚೆಯ ದೇಶದವರು ನಿಯಮಗಳನ್ನು ಬದಲಾಯಿಸುವ ವೇಗವನ್ನು ನೋಡಿದರೆ ತಲೆ ತಿರುಗುತ್ತದೆ. ಕೆನಡಾದವರು ವಿದ್ಯಾರ್ಥಿಯು ಜೀವನಕ್ಕೆಂದು ತೋರಿಸಬೇಕಾದ ಹಣವನ್ನು 2024ರ ಜನವರಿ 1ರಿಂದ 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿದರು. ಅದೇ ತಿಂಗಳಿನಲ್ಲಿ ಪರವಾನಗಿಗಳ ಸಂಖ್ಯೆಗೂ ಮಿತಿ ಹಾಕಿದರು. ಬ್ರಿಟನ್ನಿನವರು ಅದೇ ಜನವರಿಯಿಂದ ಬಹುಪಾಲು ಮಾಸ್ಟರ್ಸ್ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿದರು. 2025ರ ಮೇ ಕೊನೆಯಲ್ಲಿ ಅಮೆರಿಕಾದವರು ಹೊಸ ವಿದ್ಯಾರ್ಥಿ ವೀಸಾಗಳ ಸಂದರ್ಶನವನ್ನು ಮೂರು ವಾರ ತಡೆದರು. ಆಗಸ್ಟಿನಲ್ಲಿ ಪಾಠ ಆರಂಭವಾಗಬೇಕಾದವನಿಗೆ ಮೂರು ವಾರವೆಂದರೆ ಒಂದು ವರ್ಷ.

ಇಷ್ಟೆಲ್ಲವನ್ನೂ ನಮ್ಮ ಹಳ್ಳಿಯ ತಂದೆಗೆ ತಿಳಿಸತಕ್ಕವರು ಯಾರು? ಈಗಿರುವುದು ಏಜೆಂಟರೊಬ್ಬರೇ. ಅವರಲ್ಲಿ ಪ್ರಾಮಾಣಿಕರಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅನೇಕರಿಗೆ ಹಣ ಬರುವುದು ಸೇರಿಸಿಕೊಂಡ ವಿದ್ಯಾಸಂಸ್ಥೆಯಿಂದ ಎಂಬುದನ್ನು ತಂದೆಯು ತಿಳಿದಿರಬೇಕು. ಕೊಲ್ಲಿಯ ದೇಶಗಳಿಗೆ ಗಾರೆಯವನನ್ನೋ ಬಡಗಿಯನ್ನೋ ಕೆಲಸಕ್ಕೆ ಕಳುಹಿಸುವ ಏಜೆಂಟನು 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದಲ್ಲಿ ಹೆಸರು ನೋಂದಾಯಿಸಿ ಠೇವಣಿ ಇಡತಕ್ಕದ್ದು. ತೋಟವನ್ನೇ ಅಡವಿಟ್ಟು ಬಂದವನ ಮಗನನ್ನು ಓದಿಗೆ ಕಳುಹಿಸುವವನಿಗೆ ಆ ಕಾಯಿದೆಯ ಕಟ್ಟು ಇಲ್ಲ. ಇದಕ್ಕಿಂತ ಅಸಮಂಜಸವಾದುದುಂಟೆ? 2023ರಲ್ಲಿ ಪಂಜಾಬಿನ ಅನೇಕ ವಿದ್ಯಾರ್ಥಿಗಳು ಕೆನಡಾದಲ್ಲಿ ಓದು ಮುಗಿಸಿ ಕೆಲಸಕ್ಕೂ ಸೇರಿದ ಮೇಲೆ, ತಮ್ಮ ಪ್ರವೇಶ ಪತ್ರವೇ ಖೋಟಾ ಎಂದು ತಿಳಿದು ಗಡೀಪಾರಿನ ನೋಟೀಸು ಪಡೆದದ್ದು ಇನ್ನೂ ಹಳೆಯ ಮಾತಲ್ಲ.

ಸಲಹೆ ಹೇಳುವವರಿಲ್ಲದಿದ್ದರೆ ಏನಾಗುವುದೆಂಬುದನ್ನು ಕನ್ನಡಿಗರು 2022ರಲ್ಲಿ ಕಣ್ಣಾರೆ ಕಂಡರು. ಯುಕ್ರೇನಿನಲ್ಲಿ ವೈದ್ಯ ವಿದ್ಯೆ ಕಲಿಯುತ್ತಿದ್ದ ನಮ್ಮ ಮಕ್ಕಳಿಗೆ ಫೆಬ್ರವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿಯು, ಇರಲೇಬೇಕಾದ ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಬಹುದೆಂದು ಹೇಳಿತು. ಹೊರಟರೆ ಹಾಜರಿ ಹೋಗುವುದೋ, ಪಾಠವನ್ನು ದೂರದಿಂದ ಹೇಳುವರೋ ಎಂದು ಮಕ್ಕಳು ತಮ್ಮ ವಿದ್ಯಾಲಯಗಳ ಮಾತಿಗಾಗಿ ಕಾದರು. ವಿದ್ಯಾಲಯದ ಅಪ್ಪಣೆಗೆ ಕಾಯದೆ ಹೊರಡಿರೆಂದು ರಾಯಭಾರ ಕಚೇರಿ ಸ್ಪಷ್ಟವಾಗಿ ಹೇಳಿದ್ದು ಫೆಬ್ರವರಿ 22ರಂದು. 24ರಂದು ಯುದ್ಧ ಆರಂಭವಾಯಿತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೋಗಿದ್ದ ಹಾವೇರಿ ಜಿಲ್ಲೆಯ ತರುಣನು ಷೆಲ್ ದಾಳಿಗೆ ಬಲಿಯಾದನು. ಸುಮಾರು 22,500 ಮಂದಿಯನ್ನು ಮರಳಿ ಕರೆತಂದುದು ನಮ್ಮ ಸರ್ಕಾರಕ್ಕೆ ಭೂಷಣವೇ. ನಾವದನ್ನು ಮನಸಾರೆ ಶ್ಲಾಘಿಸುತ್ತೇವೆ. ಆದರೆ ಆ ಒಂಬತ್ತು ದಿನಗಳಲ್ಲಿ, "ಹಾಜರಿಯ ಮಾತು ಆಮೇಲೆ, ಈಗ ಹೊರಡಪ್ಪ" ಎಂದು ಹೇಳುವ ಹೊಣೆ ಹೊತ್ತ ಒಬ್ಬ ಮನುಷ್ಯನು ಆ ವಿದ್ಯಾಲಯಗಳಲ್ಲಿ ಇದ್ದಿದ್ದರೆ?

ಪರರ ಮನೆಯ ದೋಷವನ್ನು ಎಣಿಸಿದ ಮೇಲೆ ನಮ್ಮ ಮನೆಯನ್ನು ನೋಡಿಕೊಳ್ಳದಿರುವುದು ನ್ಯಾಯವಲ್ಲ. ನಮ್ಮಲ್ಲಿಗೂ ಪರದೇಶಿ ವಿದ್ಯಾರ್ಥಿಗಳು ಬರುತ್ತಾರೆ. 2021-22ರಲ್ಲಿ ಭಾರತದಲ್ಲಿ ಓದುತ್ತಿದ್ದ ಹೊರದೇಶದವರು 46,878 ಮಂದಿ. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ನೇಪಾಳದವರು, ಆಮೇಲಿನ ಸ್ಥಾನ ಆಫ್ಘಾನಿಸ್ತಾನದವರದು. ಬೆಂಗಳೂರು, ಮೈಸೂರು, ಮಣಿಪಾಲಗಳಿಂದಾಗಿ ಕರ್ನಾಟಕವು ಬಹಳ ವರ್ಷ ಇವರನ್ನು ಎಲ್ಲರಿಗಿಂತ ಹೆಚ್ಚಾಗಿ ಬರಮಾಡಿಕೊಂಡ ಪ್ರಾಂತ. ಅವರನ್ನು ನಾವು ನೋಡಿಕೊಂಡ ರೀತಿ ಹೇಗೆ?

ಮೊದಲು ಹಳೆಯ ಮಾತೊಂದನ್ನು ಹೇಳುತ್ತೇವೆ. ಹಿಟ್ಲರನ ಆಡಳಿತದಿಂದ ಗಟಿಂಗೆನ್ನಿನಲ್ಲಿ ಸ್ಥಾನ ಕಳೆದುಕೊಂಡ ಮ್ಯಾಕ್ಸ್ ಬಾರ್ನ್ ಎಂಬ ಭೌತಶಾಸ್ತ್ರಜ್ಞರನ್ನು ಸರ್ ಸಿ. ವಿ. ರಾಮನ್ನರು 1935ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಕರೆಯಿಸಿಕೊಂಡರು. ಅವರನ್ನು ಖಾಯಂ ಪ್ರಾಧ್ಯಾಪಕರನ್ನಾಗಿ ಮಾಡಬೇಕೆಂದು ರಾಮನ್ನರ ಇಚ್ಛೆ. ಆ ವಿಚಾರ ಬಂದ ಸಭೆಯಲ್ಲಿ ಬಾರ್ನರು ಕುಳಿತಿದ್ದಾಗಲೇ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದ ಹೊರದೂಡಿಸಿಕೊಂಡ ಎರಡನೆಯ ದರ್ಜೆಯವನು ನಮಗೆ ಬೇಡವೆಂಬ ಅರ್ಥದ ಮಾತುಗಳನ್ನಾಡಿದರು. ಮನೆಗೆ ಬಂದು ಹೆಂಡತಿಯೆದುರು ಕಣ್ಣೀರಿಟ್ಟುದನ್ನು ಬಾರ್ನರು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದವರು ಅವರನ್ನು ಕರೆದು ಪೀಠ ಕೊಟ್ಟರು. 1954ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಆಡಿದವರು ಇಂಗ್ಲಿಷಿನವರೆಂದು ನಾವು ಕೈತೊಳೆದುಕೊಳ್ಳಬಹುದು. ಆದರೆ ನೆಲ ನಮ್ಮದು, ನಷ್ಟವೂ ನಮ್ಮದೇ ಆಯಿತು.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಕಡೆಯಲ್ಲಿ ಸೂಡಾನಿನವನೊಬ್ಬನ ಕಾರಿಗೆ ಸಿಕ್ಕಿ ಹೆಂಗಸೊಬ್ಬರು ಮೃತರಾದರು. ಆ ಕೋಪವನ್ನು ಗುಂಪು ತೀರಿಸಿಕೊಂಡದ್ದು, ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಬಣ್ಣವೊಂದೇ ಅವಳ ಅಪರಾಧ. ನಮ್ಮ ಮಕ್ಕಳನ್ನು ಹೊರದೇಶದ ಬೀದಿಗಳಲ್ಲಿ ಅವಮಾನಿಸಿದಾಗ ಅಂಕಣಗಟ್ಟಲೆ ಬರೆಯುವ ನಾವು, ಪತ್ರಿಕೆಯವರು, ಆ ವಿಷಯದಲ್ಲಿ ಎಷ್ಟು ದಿನ ಬರೆದೆವು? ಇನ್ನೊಂದು ಬಗೆಯ ಕಷ್ಟ 2021ರ ಆಗಸ್ಟಿನಲ್ಲಿ ಬಂದಿತು. ಕಾಬೂಲು ತಾಲಿಬಾನರ ವಶವಾದಾಗ ಮೈಸೂರು ಮುಂತಾದ ಕಡೆ ಓದುತ್ತಿದ್ದ ಆಫ್ಘಾನ್ ತರುಣ ತರುಣಿಯರಿಗೆ ಮನೆಯಿಂದ ಹಣ ಬರುವುದು ನಿಂತಿತು, ವೀಸಾದ ಅವಧಿ ಓಡುತ್ತಿತ್ತು, ಹಿಂದಿರುಗಲು ಊರು ಉಳಿದಿರಲಿಲ್ಲ. ರಜಕ್ಕೆಂದು ಊರಿಗೆ ಹೋಗಿದ್ದವರ ಪಾಡು ಇನ್ನೂ ಕಷ್ಟ: ದೇಶದ ಹೊರಗಿದ್ದ ಆಫ್ಘಾನರ ಹಳೆಯ ವೀಸಾಗಳೆಲ್ಲ ಆಗಸ್ಟ್ 25ರಂದು ನಮ್ಮ ಸರ್ಕಾರದಿಂದಲೇ ಅಸಿಂಧುವಾದುವು. ಭದ್ರತೆಯ ಕಾರಣವಿದ್ದಿತೆಂಬುದನ್ನು ನಾವು ಬಲ್ಲೆವು. ಆದರೂ ಅರ್ಧ ಬರೆದ ಪ್ರಬಂಧವನ್ನು ಇಲ್ಲಿಯ ಹಾಸ್ಟೆಲಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದವನಿಗೆ, ಹೊಂಗಡಹಳ್ಳದ ಹುಡುಗನಿಗೆ ಬಂದಂತಹ ಕಾಗದವೊಂದು ಬಂದಿತೆ?

ಕಾವಲಿನ ಮಟ್ಟಿಗೆ ನಮ್ಮಲ್ಲಿ ಯಾವ ಕೊರತೆಯೂ ಇಲ್ಲ. ದೀರ್ಘಾವಧಿಯ ವೀಸಾದ ಮೇಲೆ ಬಂದ ವಿದ್ಯಾರ್ಥಿಯು 14 ದಿನಗಳೊಳಗೆ ಹೆಸರು ನೋಂದಾಯಿಸಬೇಕು. ಅದಕ್ಕೆ ಬೆಂಗಳೂರಿನಲ್ಲಿ ಪ್ರತ್ಯೇಕ ಕಚೇರಿಯಿದೆ, ಹಾಸನದಂತಹ ಜಿಲ್ಲೆಗಳಲ್ಲಿ ಪೋಲೀಸ್ ಸೂಪರಿಂಟೆಂಡೆಂಟರೇ ನೋಂದಣಾಧಿಕಾರಿಗಳು. ಮನೆಯ ಬಾಡಿಗೆ ಕೊಟ್ಟವನು 24 ಗಂಟೆಯೊಳಗೆ ಗೊತ್ತುಮಾಡಿದ ನಮೂನೆಯನ್ನು ತುಂಬಿ ಕಳುಹಿಸಬೇಕು. 1946ರ ಹಳೆಯ ವಿದೇಶೀಯರ ಕಾಯಿದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ. ಅದರಂತೆ ಪರದೇಶಿ ವಿದ್ಯಾರ್ಥಿಯ ವಿವರವನ್ನು ವಿದ್ಯಾಸಂಸ್ಥೆಯೇ ಒದಗಿಸಬೇಕು. ಅವಧಿ ಮೀರಿ ನಿಂತವನಿಗೆ ಮೂರು ವರ್ಷದವರೆಗೆ ಸೆರೆ, ಮೂರು ಲಕ್ಷ ರೂಪಾಯಿಯವರೆಗೆ ದಂಡ. ದೇಶವೆಂದ ಮೇಲೆ ಇವು ಇರಬೇಕಾದುವೇ. ನೆರವಿನ ಕಡೆಯನ್ನು ನೋಡಿದರೆ, 2021ರಲ್ಲಿ ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗದವರು ಪ್ರತಿಯೊಂದು ವಿಶ್ವವಿದ್ಯಾನಿಲಯದಲ್ಲಿಯೂ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿಯಿರಲೆಂದು ಸೂತ್ರಗಳನ್ನು ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆಯೆಂಬುದು ಸಂತೋಷದ ಸಂಗತಿ. ಆದರೆ ಇಂತಹ ಕಚೇರಿಗಳನ್ನು ಪಾಠ ಹೇಳುವ ಪ್ರಾಧ್ಯಾಪಕರೊಬ್ಬರ ಹೆಗಲಿಗೆ ಹೆಚ್ಚುವರಿ ಹೊರೆಯಾಗಿ ಏರಿಸಿ, ನಮೂನೆಗಳನ್ನು ತುಂಬುವುದಕ್ಕೇ ಅವರ ದಿನವೆಲ್ಲ ಮುಗಿಯುವಂತೆ ಮಾಡುವುದು ನಮ್ಮ ಅಧಿಕಾರಿವರ್ಗಕ್ಕೆ ರೂಢಿಯಾದ ಮಾತು.

ನಾವು ಕೇಳುವುದು ದೊಡ್ಡದೇನಲ್ಲ. ಪೋಲೀಸರಿಗೆ ವರದಿ ಕಳುಹಿಸುವ ಗುಮಾಸ್ತನೇ ಬೇರೆ, ವಿದ್ಯಾರ್ಥಿಯ ಮಾತನ್ನು ಕೇಳುವ ಸಲಹೆಗಾರನೇ ಬೇರೆ ಆಗಲಿ. ಎರಡು ಮೇಜುಗಳನ್ನು ಇಡಲಾಗದ ಚಿಕ್ಕ ವಿದ್ಯಾಸಂಸ್ಥೆಯಲ್ಲಿ ಕಡೆಯ ಪಕ್ಷ ಒಂದು ನಿಯಮವಿರಲಿ: ವಿದ್ಯಾರ್ಥಿಯ ಸ್ಥಾನಕ್ಕೆ ಚ್ಯುತಿ ತರುವ ಯಾವ ವಿಷಯವನ್ನಾದರೂ ಸರ್ಕಾರಕ್ಕೆ ಬರೆಯುವ ಮುನ್ನ, ಇಲ್ಲವೆ ಸರ್ಕಾರದಿಂದ ತಿಳಿದ ಕೂಡಲೇ, ವಿದ್ಯಾರ್ಥಿಗೆ ಕೈಬರಹದಲ್ಲಾದರೂ ತಿಳಿಸತಕ್ಕದ್ದು. ಇದರಿಂದ ರಾಜ್ಯದ ಭದ್ರತೆಗೆ ಭಂಗ ಬರುವ ಸಂದರ್ಭ ಸಾವಿರಕ್ಕೆ ಒಂದಿರಬಹುದು. ಅದಕ್ಕೆ ಬೇಕಾದರೆ ಅಪವಾದವನ್ನು ಬರೆದುಕೊಳ್ಳಲಿ. ಹಣದ ಮಾತೆತ್ತುವವರಿಗೆ, ಪರದೇಶದವರಿಂದ ನಮ್ಮ ವಿದ್ಯಾಸಂಸ್ಥೆಗಳು ಸಾಮಾನ್ಯವಾಗಿ ಹೆಚ್ಚಿನ ಶುಲ್ಕವನ್ನೇ ವಸೂಲು ಮಾಡುತ್ತವೆಂಬುದನ್ನು ಜ್ಞಾಪಿಸುತ್ತೇವೆ. ಅದರಲ್ಲಿ ಒಂದು ಪಾಲನ್ನು, ಮನೆಯ ಹಣ ನಿಂತುಹೋದವನ ಮೂರು ತಿಂಗಳ ಊಟಕ್ಕೆ ಮೀಸಲಿಟ್ಟರೆ ಬೊಕ್ಕಸವೇನೂ ಬರಿದಾಗದು. ಕನ್ನಡದ ನಾಲ್ಕು ಮಾತುಗಳನ್ನು ಮೊದಲ ತಿಂಗಳೇ ಕಲಿಸಿದರೆ ಅಂಗಡಿಯವನೂ ಆಟೋದವನೂ ಆ ಹುಡುಗನಿಗೆ ಅಷ್ಟರಮಟ್ಟಿಗೆ ನೆಂಟರಾಗುವರು. ಇದು ಲೇಸಾದ ಕಾವಲೂ ಹೌದು.

ಹೊರಗೆ ಹೋಗುವ ನಮ್ಮ ಮಕ್ಕಳ ವಿಷಯದಲ್ಲಿ ಜಿಲ್ಲಾಡಳಿತದವರು ಮಾಡಬಹುದಾದುದು ಬೇರೆ ಇದೆ. ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ಹೊರದೇಶದ ವ್ಯಾಸಂಗಕ್ಕೆ ಕರ್ನಾಟಕ ಸರ್ಕಾರವೇ ವೇತನ ಕೊಡುತ್ತದೆ. ಬೆಂಗಳೂರಿನಲ್ಲಿ ಅನಿವಾಸಿ ಕನ್ನಡಿಗರಿಗಾಗಿ ಸಮಿತಿಯೊಂದಿದೆ. ಇವೆಲ್ಲ ಬೆಂಗಳೂರಿನಲ್ಲಿವೆ, ಹೊಂಗಡಹಳ್ಳದಿಂದ ಬೆಂಗಳೂರು ದೂರ. ಮಳೆಗಾಲದಲ್ಲಿ ಘಟ್ಟದಂಚಿನ ಊರುಗಳಿಗೆ ದೂರವಾಣಿಯೂ ದೂರವೇ. ಹಾಸನದಲ್ಲಿ 2023ರಲ್ಲಿ ಹೊಸ ವಿಶ್ವವಿದ್ಯಾನಿಲಯ ಆರಂಭವಾಯಿತು. ಎರಡು ವರ್ಷ ತುಂಬುವುದರೊಳಗೆ ಅದನ್ನು ಮುಚ್ಚುವ ಮಾತೂ ಹುಟ್ಟಿತೆಂಬುದು ಬೇರೆ ವಿಚಾರ. ಅಲ್ಲಿಯೋ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೋ ವಾರಕ್ಕೆ ಎರಡು ದಿನ ಬಲ್ಲವರೊಬ್ಬರು ಕುಳಿತು, ಈ ಪ್ರವೇಶ ಪತ್ರ ನಿಜವೇ, ಈ ವಿದ್ಯಾಸಂಸ್ಥೆಗೆ ಮಾನ್ಯತೆಯಿದೆಯೇ, ಅಲ್ಲಿಯ ಸಲಹೆಗಾರರ ಹೆಸರೇನು, ವಿಳಾಸವೇನು ಎಂಬಿಷ್ಟನ್ನು ಪಹಣಿ ಬ್ಯಾಂಕಿಗೆ ಹೋಗುವ ಮುನ್ನವೇ ನೋಡಿಕೊಟ್ಟರೆ ಎಷ್ಟೋ ತೋಟಗಳು ಉಳಿಯುವುವು. ಓದಿಗೆ ಕಳುಹಿಸುವ ಏಜೆಂಟರನ್ನು ಕಾನೂನಿನ ಕಟ್ಟಿಗೆ ತರುವುದು ದೆಹಲಿಯ ಕೆಲಸ. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಅದನ್ನು ಸಭೆಯಲ್ಲಿ ಎತ್ತಬೇಕು.

ಹೊಂಗಡಹಳ್ಳದವರ ಮಗನ ದಾಖಲೆಯು ಆ ಏಪ್ರಿಲಿನ ಕೊನೆಯಲ್ಲಿ ಮರಳಿ ಊರ್ಜಿತವಾಯಿತು. ಅವನ ಓದು ಮುಂದುವರಿಯಿತು. ಅಲ್ಲಿಯ ಸಲಹೆಗಾರ್ತಿಯ ದೂರವಾಣಿಯ ಸಂಖ್ಯೆಯನ್ನು ತಂದೆಯು ಕಾಫಿ ಕಣದ ಪಕ್ಕದ ಕೋಣೆಯಲ್ಲಿ, ಆಳುಗಳ ಹಾಜರಿ ಪುಸ್ತಕ ತೂಗುಹಾಕುವ ಮೊಳೆಯ ಮೇಲ್ಗಡೆ, ಗೋಡೆಯ ಮೇಲೆ ಬರೆಸಿಟ್ಟುಕೊಂಡಿದ್ದಾರೆ. ಈಚೆಗೆ ಮತ್ತೊಮ್ಮೆ ನಮ್ಮಲ್ಲಿಗೆ ಬಂದಿದ್ದರು. ಪಕ್ಕದ ತೋಟದವರ ಮಗಳು ಹೊರಡುವ ಸನ್ನಾಹದಲ್ಲಿದ್ದಾಳೆ, ಅವಳ ಕಾಗದಪತ್ರಗಳನ್ನು ಹಾಸನದಲ್ಲಿ ಯಾರಿಗೆ ತೋರಿಸಬೇಕು ಎಂದು ವಿಚಾರಿಸಿದರು. ಹೇಳಲು ನಮ್ಮ ಬಳಿ ಯಾವ ಹೆಸರೂ ಇರಲಿಲ್ಲ.